ಶಂಶುನ್ನೀಸಾ ಬೆಳೆಸಿದ ನರ್ಗಿಸ್

ಶಿವಾಜಿನಗರದ ಒಂದು ಓಣಿಯಲ್ಲಿ, ತನ್ನ ಮನೆಯ ತಾರಸಿಯ ಮೇಲೆ, ಶಂಶುನ್ನೀಸಾ ಇಪ್ಪತ್ತಾರು ವರ್ಷ ನರ್ಗಿಸ್ ಹೂ ಬೆಳೆಸಿದ್ದರು. ಅಕ್ಟೋಬರಿನ ಮಳೆ ನಿಂತ ಮೇಲೆ ಈರುಳ್ಳಿಯಂಥ ಗೆಡ್ಡೆಗಳನ್ನು ಕುತ್ತಿಗೆ ಮಾತ್ರ ಹೊರಗಿರುವಂತೆ ಕುಂಡಗಳಲ್ಲಿ ಊರುತ್ತಿದ್ದರು. ಡಿಸೆಂಬರಿನ ಚಳಿಗೆ ಘಮಘಮಿಸುವ ಬಿಳಿ ಹೂಗೊಂಚಲು ಬಿಡುತ್ತಿತ್ತು. ಮಾರ್ಚಿನಲ್ಲಿ ಎಲೆ ಹಳದಿಯಾದಾಗ ಕಿತ್ತು, ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿ ಮಂಚದಡಿ ಇಡುತ್ತಿದ್ದರು.

ಮೊದಲ ಹನ್ನೆರಡು ಗೆಡ್ಡೆ ತಂದುಕೊಟ್ಟವರು ಗಂಡ ಕರೀಂ. ಅವರದು ಪುಟ್ಟ ಅತ್ತರಿನ ಅಂಗಡಿ. ವರ್ಷದ ಮೊದಲ ಹೂ ಅರಳಿದ ಬೆಳಿಗ್ಗೆ ಅಂಗಡಿ ತಡವಾಗಿ ತೆರೆಯುತ್ತಿತ್ತು. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಮುಚ್ಚಿ, "ಇದನ್ನ ಮಾತ್ರ ಸೀಸೆಗೆ ಇಳಿಸೋಕೆ ನನ್ ಕೈಲಿ ಆಗ್ಲಿಲ್ಲ ನೋಡು" ಎನ್ನುತ್ತಿದ್ದರು.

2021ರ ಮೇ ತಿಂಗಳಲ್ಲಿ ಇಬ್ಬರಿಗೂ ಕೋವಿಡ್ ಬಂತು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಶಂಶುನ್ನೀಸಾ ಮನೆಗೆ ಬರುವಷ್ಟರಲ್ಲಿ ಕರೀಂ ಮಣ್ಣು ಸೇರಿದ್ದರು. ಆಕೆಗೆ ಮುಖ ನೋಡಲೂ ಸಿಗಲಿಲ್ಲ. ಆಕೆ ಅಳಲಿಲ್ಲ. ಊಟ ರುಚಿಸುತ್ತಿಲ್ಲ ಎಂದಾಗ ದುಃಖಕ್ಕೆ ಹಾಗೆ ಎಂದು ಎಲ್ಲರೂ ತಿಳಿದರು, ಆಕೆಯೂ.

ಅಕ್ಟೋಬರಿನಲ್ಲಿ ಮಗಳು ಲೈಬಾ ಚೀಲ ಹೊರಗೆಳೆದಳು. "ಅಮ್ಮಿ, ಹೀಗೇ ಬಿಟ್ರೆ ಸೊರಗಿ ಹೋಗುತ್ತೆ." ಶಂಶುನ್ನೀಸಾ ಒಲ್ಲದ ಮನಸ್ಸಿನಿಂದ ಊರಿದರು. ಡಿಸೆಂಬರಿನಲ್ಲಿ ಹೂ ಬಂತು. ಬಗ್ಗಿ ಮೂಸಿದರೆ ಏನೂ ಇಲ್ಲ. ಮಣ್ಣು ಕೆಟ್ಟಿರಬೇಕು ಅಂದುಕೊಂಡರು. ಲೈಬಾ ಗರುಡಾಚಾರ್‌ಪಾಳ್ಯದ ಶಾಲೆಗೆ ಪಾಠ ಮಾಡಲು ಹೋಗಿದ್ದಳು. ಹಾಗಾಗಿ ಓಣಿಯ ತುದಿಯಲ್ಲಿ ಹೂ ಮಾರುವ ಚಿಕ್ಕಮುನಿಯಮ್ಮನನ್ನೇ ಕೂಗಿದರು.

ಅವಳು ಇನ್ನೂ ಮೆಟ್ಟಿಲ ಮೇಲಿರುವಾಗಲೇ, "ಏನ್ ಬೂವಮ್ಮಾ, ಕೆಳಗಿನವರೆಗೂ ಘಂ ಅಂತೈತೆ!" ಎಂದಳು.

"ವಾಸನೆ ಐತಾ?"

"ಅಯ್ಯೋ, ನಿಮಗೆ ಬರ್ತಿಲ್ವಾ?"

ಶಂಶುನ್ನೀಸಾ ಕುಂಡದ ಪಕ್ಕದಲ್ಲೇ ಕುಸಿದರು. ಏಳು ತಿಂಗಳ ಅಳು ಆಗ ಬಂತು. ಚಿಕ್ಕಮುನಿಯಮ್ಮ ಹೂಬುಟ್ಟಿ ಇಳಿಸಿ ಅವರ ಬೆನ್ನು ಸವರುತ್ತಾ ಕೂತಳು.

ಕೋವಿಡ್‌ಗೆ ಮೂಗು ಸತ್ತಿದೆ, ದಿನಾ ಲವಂಗ, ನಿಂಬೆ ಸಿಪ್ಪೆ ಮೂಸಿ ಎಂದರು ಡಾಕ್ಟರು. ಮೂರು ವರ್ಷ ಮೂಸಿದರು. ಏನೂ ಆಗಲಿಲ್ಲ. ಆದರೂ ಪ್ರತಿ ಚಳಿಗಾಲ ಗೆಡ್ಡೆ ಊರಿದರು. ಮೊದಲ ಗೊಂಚಲು ಕೊಯ್ದು ಚಿಕ್ಕಮುನಿಯಮ್ಮನಿಗೆ ಕೊಟ್ಟು, ಅವಳು ಮೂಸುವಾಗ ಅವಳ ಮುಖವನ್ನೇ ನೋಡುತ್ತಿದ್ದರು.

2024ರ ಡಿಸೆಂಬರಿನಲ್ಲಿ ಚಂಡಮಾರುತದ ಮಳೆ ಬಿಡದೆ ಸುರಿಯಿತು. ಶೀತವಾಗಿ ಶಂಶುನ್ನೀಸಾ ಮೇಲೆ ಹತ್ತಲಿಲ್ಲ. ಮಳೆ ನಿಂತ ಮೇಲೆ ಹೋಗಿ ಕುಂಡಕ್ಕೆ ಕೈ ಹಾಕಿದರೆ ಗೆಡ್ಡೆ ಮೆತ್ತಗೆ ಒಡೆಯಿತು. ಫಕ್ಕನೆ ಗಬ್ಬು ನಾತ ಮೂಗಿಗೆ ಬಡಿಯಿತು. ಕೊಳೆತ ಈರುಳ್ಳಿಯ ನಾತ. ಬೆರಳನ್ನು ಮತ್ತೆ ಮತ್ತೆ ಮೂಸಿದರು. "ಲೈಬಾ! ನನಗೆ ನಾತ ಬರ್ತಿದೆ!" ಎಂದು ಕೂಗುತ್ತಾ ಮೆಟ್ಟಿಲಿಳಿದರು.

ಮಗಳು ಓಡಿ ಬರುವಷ್ಟರಲ್ಲಿ ಆಕೆ ಟ್ರಂಕು ತೆರೆದು ಕರೀಂ ಕೊನೆಯದಾಗಿ ತೊಟ್ಟು, ಒಗೆಯದೆ ಉಳಿದಿದ್ದ ಜುಬ್ಬಾಕ್ಕೆ ಮುಖ ಒತ್ತಿದ್ದರು. ತೋಳು, ಕುತ್ತಿಗೆಪಟ್ಟಿ ಒಂದೊಂದನ್ನೇ ಮೂಸಿದರು.

"ಅಮ್ಮಿ?"

"ಬರೀ ನುಸಿಗುಳಿಗೆ ವಾಸನೆ ಕಣೇ," ಎಂದರು. "ನಾನೇ ಹಾಕಿಟ್ಟಿದ್ದೆ. ಎಷ್ಟು ಹಾಕಿದೀನಿ ಅಂತ ಗೊತ್ತಾಗಿರ್ಲಿಲ್ಲ."

ಐವತ್ತು ಗೆಡ್ಡೆಗಳಲ್ಲಿ ಆರು ಉಳಿದವು. ಈ ಚಳಿಗಾಲ ಅವು ಬರೀ ಎಲೆ ಬಿಟ್ಟಿವೆ. ಇನ್ನೊಂದು ವರ್ಷ ಸುಧಾರಿಸಿಕೊಳ್ಳಬೇಕು ಎನ್ನುತ್ತಾರೆ ಶಂಶುನ್ನೀಸಾ.