ಹಸಿರು ದೀಪವನ್ನು ನಂಬದ ಹಿಂಕೆ

ಬೆಳಗಿನ ಆರೂವರೆ. ಲೀವಾರ್ಡನ್ ಊರಿನ ಆಸ್ಪತ್ರೆಯ ಹೊರಗೆ ಇನ್ನೂ ಕತ್ತಲು, ಕಾಲುವೆಯ ಮೇಲೆ ತೆಳ್ಳನೆಯ ಮಂಜುಗಡ್ಡೆ. ಒಳಗೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹಿಂಕೆ ವೀರ್ಸ್ಮಾ ರೋಬಾಟಿನ ಉದ್ದ ತೋಳಿಗೆ ಶುಚಿಯಾದ ಪ್ಲಾಸ್ಟಿಕ್ ಹೊದಿಕೆ ತೊಡಿಸುತ್ತಿದ್ದಾರೆ. ಇಲ್ಲಿ ಎಲ್ಲರೂ ಈ ಯಂತ್ರವನ್ನು ಕರೆಯುವುದು ‘ಮಾವ’ ಎಂದೇ.

“ಸುಮ್ನಿರು ಮಾವ, ತೋಳು ನೀಡು,” ಎಂದು ಗದರುತ್ತಾರೆ ಹಿಂಕೆ. “ನಮ್ಮ ಮನೆಯವ್ರೂ ಹೀಗೇ. ಕೋಟು ಹಾಕ್ಕೊಳಿ ಅಂತ ಎರಡು ಸಲ ಹೇಳ್ಬೇಕು.”

ಸೊಂಟದ ಬಳಿಯ ಬೆನ್ನೆಲುಬಿಗೆ ಸ್ಕ್ರೂ ಕೂರಿಸುವ ಕೆಲಸ ಇಲ್ಲಿ ನಡೆಯುವುದು ಬೆರಳಗಲದ ಸೀಳುಗಳ ಮೂಲಕ. ಎಲ್ಲಿ ಕೊರೆಯಬೇಕೆಂದು ರೋಬಾಟ್ ತೋರಿಸುತ್ತದೆ, ವೈದ್ಯರು ಕೊರೆಯುತ್ತಾರೆ. ಪತ್ರಿಕೆಯಲ್ಲಿ ಚಿತ್ರ ಬರುವುದೂ ಅವರಿಬ್ಬರದೇ. ಇಪ್ಪತ್ತೆರಡು ವರ್ಷಗಳಿಂದ ಉಪಕರಣ ಜೋಡಿಸಿ ಕೈಗೆ ಕೊಡುತ್ತಿರುವ ಈ ದಾದಿಯ ಚಿತ್ರ ಒಮ್ಮೆಯೂ ಬಂದಿಲ್ಲ. ದಿನಕ್ಕೆ ಮೂರು ಶಸ್ತ್ರಚಿಕಿತ್ಸೆ, ಒಂದೊಂದಕ್ಕೂ ನೂರನಲವತ್ತು ಉಪಕರಣ, ಏಳು ಗಂಟೆ ನಿಂತೇ ದುಡಿಮೆ. ಬೇರೆಯವರ ಬೆನ್ನು ನೆಟ್ಟಗಾಗಲೆಂದು ನಿಂತೂ ನಿಂತೂ ಹಿಂಕೆಯವರ ಮೊಣಕಾಲುಗಳು ಸೋತಿವೆ.

ಹಿಂಕೆ ಬೆಳೆದದ್ದು ಅಪ್ಪನ ದೋಣಿ ರಿಪೇರಿ ಶೆಡ್ಡಿನಲ್ಲಿ. “ಅಪ್ಪ ಕೈ ಚಾಚೋ ಮೊದ್ಲೇ ಸ್ಪ್ಯಾನರ್ ಕೊಡ್ಬೇಕಿತ್ತು. ತಡ ಆದ್ರೆ ಬೈಗುಳ. ನನ್ನ ತರಬೇತಿ ಎಲ್ಲಾ ಅಲ್ಲೇ ಆಯ್ತು,” ಎಂದು ನಗುತ್ತಾರೆ.

ರೋಗಿಯ ಸೊಂಟದೆಲುಬಿಗೆ ಹೊಳೆಯುವ ಗುಂಡುಗಳ ಚೌಕಟ್ಟೊಂದನ್ನು ಬಿಗಿದಿರುತ್ತಾರೆ. ಬೆನ್ನೆಲುಬು ಎಲ್ಲಿದೆಯೆಂದು ರೋಬಾಟ್ ಲೆಕ್ಕ ಹಾಕುವುದು ಅದನ್ನು ನೋಡಿಯೇ. ಚೌಕಟ್ಟು ತುಸು ಸರಿದರೂ ಸ್ಕ್ರೂ ನರದತ್ತ ಹೋದೀತು.

ಕಳೆದ ನವೆಂಬರಿನಲ್ಲಿ ಮೇಜಿನ ಮೇಲೆ ಮಲಗಿದ್ದವರು ಬೌವಿನಾ. ಸೈಕಲ್ಲಿನಲ್ಲಿ ಅಂಚೆ ಹಂಚುವ ಹೆಂಗಸು. ಬೆನ್ನೆಲುಬಿನ ಮಣಿಯೊಂದು ಜರುಗಿ ಎಡಗಾಲು ಮರಗಟ್ಟಿತ್ತು. ನಾಲ್ಕರಲ್ಲಿ ಎರಡು ಸ್ಕ್ರೂ ಕೂತಿದ್ದವು. ವೈದ್ಯ ಡೌವೆ ಅವರಿಗೆ ಡ್ರಿಲ್ ದಾಟಿಸುವಾಗ ಹಿಂಕೆಯವರ ಮೊಣಕೈ ಚೌಕಟ್ಟಿಗೆ ತಾಗಿತು. ಯಾರೂ ನೋಡಲಿಲ್ಲ. ಪರದೆಯ ಮೇಲೆ ಎಲ್ಲ ಸರಿಯಿದೆಯೆಂಬ ಹಸಿರು ದೀಪ ಉರಿಯುತ್ತಲೇ ಇತ್ತು; ಗುಂಡುಗಳು ಕಂಡರೆ ಸಾಕು, ಅದು ಹಸಿರೇ.

“ಬಾಯಿ ಮುಚ್ಕೊಂಡಿರೋಣ ಅಂತ ಒಂದು ಕ್ಷಣ ಅನ್ನಿಸ್ತು. ಸುಳ್ಯಾಕೆ ಹೇಳ್ಲಿ?” ಎನ್ನುತ್ತಾರೆ ಹಿಂಕೆ.

ಆದರೆ ಅಂದು ಬಾಯಿಂದ ಬಂದ ಮಾತು ಬೇರೆ. “ಡೌವೆ, ನಿಲ್ಸು. ನನ್ನ ಮೊಣಕೈ ತಾಗ್ತು.”

“ಹಸಿರಿದೆಯಲ್ಲ ಹಿಂಕೆ. ಮುಂದಿನ ರೋಗಿ ಆಗ್ಲೇ ಕಾಯ್ತಿದ್ದಾರೆ,” ಎಂದರು ಡೌವೆ ಸಿಡುಕಿನಿಂದ.

“ಆ ದೀಪಕ್ಕೇನು ಗೊತ್ತು ನನ್ನ ಮೊಣಕೈ ವಿಷ್ಯ? ಮುಟ್ಟಿ ನೋಡು.”

ಇಂಥ ಪರೀಕ್ಷೆಗೆಂದೇ ಸೊಂಟದೆಲುಬಿನ ಇನ್ನೊಂದು ಬದಿಗೆ ಪುಟ್ಟ ಮೊಳೆಯೊಂದನ್ನು ನೆಟ್ಟಿರುತ್ತಾರೆ. ಡೌವೆ, ರೋಬಾಟಿನ ಪರದೆಯಲ್ಲಿ ಕಾಣುವ ಗುರುತುಕಡ್ಡಿಯ ತುದಿಯನ್ನು ಅದರ ತಲೆಗೆ ಮುಟ್ಟಿಸಿದರು. ಪರದೆಯಲ್ಲಿ ಮಾತ್ರ ಆ ತುದಿ ಮೊಳೆಯಿಂದ ಮೂರು ಮಿಲಿಮೀಟರ್ ಆಚೆ ನಿಂತಿತ್ತು. ಚೌಕಟ್ಟು ನಿಜಕ್ಕೂ ಸರಿದಿತ್ತು. ಚೌಕಟ್ಟು ಬಿಗಿದು, ಹೊಸದಾಗಿ ಸ್ಕ್ಯಾನ್ ಮಾಡಿ, ಉಳಿದೆರಡು ಸ್ಕ್ರೂ ಕೂರಿಸುವಾಗ ಅರ್ಧ ಗಂಟೆ ಜಾಸ್ತಿಯೇ ಹಿಡಿಯಿತು. ಮುಂದಿನ ರೋಗಿಯ ಸರದಿ ಮರುದಿನಕ್ಕೆ ಹೋಯಿತು. ಆಮೇಲೆ ಕಾಫಿಯ ಹೊತ್ತಿನಲ್ಲಿ ಡೌವೆ ಸಕ್ಕರೆ ಬ್ರೆಡ್ಡು ಕೊಯ್ದು ಮೊದಲ ಹೋಳನ್ನು ಹಿಂಕೆಯ ತಟ್ಟೆಗೆ ಹಾಕಿದರು.

ಮರುದಿನ ಹಿಂಕೆ ತಾವಾಗಿಯೇ ವಾರ್ಡಿಗೆ ಹೋದರು. ಬೌವಿನಾ ಗೋಡೆಯ ಸರಳು ಹಿಡಿದು ಹೆಜ್ಜೆಯಿಡುತ್ತಿದ್ದರು. ಹಿಂಕೆ ನಡೆದದ್ದನ್ನೆಲ್ಲ ಒಪ್ಪಿಸಿ ಕ್ಷಮೆ ಕೇಳಿದರು.

ಬೌವಿನಾ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಈಗ ನಿಮ್ಮ ಮೊಣಕೈಗೆ ಬೈಲಾ, ಬಾಯಿಗೆ ಥ್ಯಾಂಕ್ಸ್ ಹೇಳ್ಲಾ?” ಎಂದು ಕೇಳಿ, ಸರಳು ಬಿಟ್ಟು ಎಡಗಾಲು ಮುಂದಿಟ್ಟರು. ಕಾಲು ನೆಲಕ್ಕೆ ಗಟ್ಟಿಯಾಗಿ ಊರಿತು. ಅದನ್ನು ನೋಡಿ ಅತ್ತದ್ದು ಹಿಂಕೆ.

ಇನ್ನು ಮೂರು ವರ್ಷಕ್ಕೆ ಅವರಿಗೆ ನಿವೃತ್ತಿ. ಏನಾದರೂ ಆಸೆಯಿದೆಯೇ ಎಂದರೆ ಹೆಚ್ಚು ಯೋಚಿಸುವುದಿಲ್ಲ.

“ನನ್ನ ಜಾಗಕ್ಕೆ ಬರೋರ ಕೈ ಸ್ವಲ್ಪ ನಿಧಾನ ಆದ್ರೂ ಪರ್ವಾಗಿಲ್ಲ. ‘ನನ್ನಿಂದ ತಪ್ಪಾಯ್ತು, ನಿಲ್ಸಿ’ ಅನ್ನೋಕೆ ನಾಲಿಗೆ ತಡವರಿಸ್ಬಾರ್ದು. ಅಷ್ಟು ಸಾಕು.”