ಮಾರ್ಚ್ ಕೊನೆಯವರೆಗಿನ ಭಕ್ತಿ

ಬೋರ್ಡ್ ಬರೆಯುವ ಆತನಿಗೆ ಜನ ಇಟ್ಟ ಹೆಸರು ಗೆರೆಯಪ್ಪ. ಸ್ಕೇಲಿಲ್ಲದೆ ಹತ್ತಡಿ ಗೆರೆ ಎಳೆಯುತ್ತಿದ್ದ. ಗೆರೆ ನೇರ, ಮನುಷ್ಯ ಮಾತ್ರ ಸ್ವಲ್ಪ ಸೊಟ್ಟ. ಇನ್ನು ಭಕ್ತಿಯಲ್ಲಿ ಶುದ್ಧ ಆರಂಭಶೂರ. ಸತ್ಯವೇದವನ್ನು ದಿನಕ್ಕೊಂದು ಅಧ್ಯಾಯದಂತೆ ಪೂರ್ತಿ ಓದುತ್ತೇನೆಂದು ಹದಿನಾಲ್ಕು ಹೊಸ ವರ್ಷಗಳಲ್ಲಿ ಹೊರಟು, ವಾರ ಕಳೆಯುವಷ್ಟರಲ್ಲಿ ತಣ್ಣಗಾಗಿದ್ದ. ಸೃಷ್ಟಿಯ ಕಥೆ ಅವನಿಗೆ ಬಾಯಿಪಾಠ. ನೋಹನನ್ನು ನಾವೆ ಹತ್ತಿಸಿದ್ದು ಹದಿನಾಲ್ಕು ಸಲ, ಇಳಿಸಿದ್ದು ಎರಡೇ ಸಲ.

ಈ ವರ್ಷ ಹಾಗಾಗಬಾರದೆಂದು ಜನವರಿ ಒಂದರಂದೇ ನಡುಮನೆಯ ಗೋಡೆ ತುಂಬ ಮುನ್ನೂರ ಅರವತ್ತೈದು ಚೌಕ ಎಳೆದ. ಓದು, ಪ್ರಾರ್ಥನೆ ಮುಗಿದ ಮೇಲೆ ಆ ದಿನದ ಚೌಕಕ್ಕೆ ಕೆಂಪು ಎನಾಮಲ್ ತುಂಬಬೇಕು. ಬುಧವಾರಗಳ ಚೌಕದಲ್ಲಿ 'ಉಪವಾಸ' ಎಂದು ಬರೆದ. ಫೆಬ್ರವರಿ ಹದಿನೈದರ ಚೌಕದ ಮುಂದೆ ಬಹಳ ಹೊತ್ತು ನಿಂತು, ಆದಷ್ಟು ಸಣ್ಣಕ್ಷರದಲ್ಲಿ 'ಅಣ್ಣನನ್ನು ಕ್ಷಮಿಸುವುದು' ಎಂದು ಬರೆದ.

"ಗೋಡೆ ಹಾಳಾಯ್ತು" ಎಂದಳು ಹೆಂಡತಿ. ಅವಳದು ಪಾತ್ರೆ ತೊಳೆಯುತ್ತಲೇ ನಾಲ್ಕು ಮಾತಿನಲ್ಲಿ ಮುಗಿಯುವ ಪ್ರಾರ್ಥನೆ. ಇಪ್ಪತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. "ಕೃಪೆ, ಕೃಪೆ ಅಂತಾರಲ್ಲ ರೀ, ಅದಕ್ಕೂ ಒಂದು ಚೌಕ ಬಿಡಬಾರದಿತ್ತಾ?"

"ನಿಂಗೆ ಶಿಸ್ತು ಅಂದ್ರೆ ಏನೂಂತ ಗೊತ್ತಿಲ್ಲ" ಎಂದ ಗೆರೆಯಪ್ಪ.

ಅಣ್ಣನೂ ಬೋರ್ಡ್ ಬರೆಯುವವನೇ, ಮನೆ ಎರಡು ಬೀದಿ ಆಚೆ. ಇಬ್ಬರ ಮಾತು ನಿಂತು ಏಳು ವರ್ಷ. ತನ್ನ ಸಮಾಧಿಯ ಶಿಲುಬೆಯ ಮೇಲಿನ ಹೆಸರನ್ನು ಚಿಕ್ಕವನೇ ಬರೆಯಲಿ ಎಂದು ಅಮ್ಮ ಸಾಯುವ ಮುಂಚೆ ಹೇಳಿದ್ದಳು. ಚಿಕ್ಕವನಾದ ಗೆರೆಯಪ್ಪ ಮಣ್ಣಿನ ದಿನ ಬಟ್ಟೆ ಅಂಗಡಿಯೊಂದರ ಬೋರ್ಡಿಗೆ ಅಂಚು ಮುಗಿಸಿ ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು, ಅಣ್ಣ ಹೆಸರು ಬರೆದೂ ಆಗಿತ್ತು. ತಪ್ಪು ಯಾರದೆಂದು ಗೆರೆಯಪ್ಪನಿಗೆ ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿದ್ದರಿಂದಲೇ ಕೋಪ ಇಷ್ಟು ಬಾಳಿಕೆ ಬಂತು. ಈಗ ಶಿಲುಬೆಯ ಅಕ್ಷರ ಮಾಸಿ ಅಮ್ಮನ ಹೆಸರು ಅರ್ಧ ಉಳಿದಿತ್ತು. ಅಣ್ಣ ಬರೆದದ್ದನ್ನು ತಾನೇಕೆ ತಿದ್ದಲಿ ಎಂದು ಇವನ ಹಠ; ಅಣ್ಣ ಯಾಕೆ ತಿದ್ದಲಿಲ್ಲವೋ ಇವನಿಗೆ ತಿಳಿಯದು.

ಚೌಕಗಳ ವಿಷಯಕ್ಕೆ ಬರೋಣ. ಒಂದೇ ಚೌಕಕ್ಕಾಗಿ ದಿನಾ ಡಬ್ಬಿ ತೆರೆದರೆ ಬಣ್ಣ ಕೆನೆ ಕಟ್ಟುತ್ತದೆ, ಬ್ರಷ್ ತೊಳೆಯಲು ಟರ್ಪೆಂಟೈನ್ ಬೇರೆ ದಂಡ. ಕಸುಬು ಬಲ್ಲವನು ಹಾಗೆ ಮಾಡುತ್ತಾನೆಯೇ? ಮೊದಲ ಭಾನುವಾರ ಮುಂದಿನ ವಾರದ ಅಷ್ಟೂ ಚೌಕ ತುಂಬಿಸಿದ. ಪ್ರಾರ್ಥನೆ ಹೇಗೂ ಮಾಡುವುದೇ ತಾನೇ! ಎರಡನೇ ಭಾನುವಾರ ಬ್ರಷ್ಷಿನಲ್ಲಿ ಬಣ್ಣ ಉಳಿಯಿತು, ತಿಂಗಳು ಮುಗಿಸಿದ. ಮೂರನೆಯ ಭಾನುವಾರ ಕೈ ಓಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಈತ ಕೂಸನ್ನು ಶಾಲೆಗೂ ಸೇರಿಸಿಬಿಟ್ಟ. ಮಾರ್ಚ್ ಕೊನೆಯ ಚೌಕದವರೆಗೆ ಗೋಡೆ ಕೆಂಪಗೆ ಹೊಳೆಯಿತು. ಕಸುಬುದಾರನಾದ್ದರಿಂದ ಬರೆದ ಅಕ್ಷರಗಳನ್ನು ಮಾತ್ರ ಮುಚ್ಚದೆ ಸುತ್ತ ಬಣ್ಣ ತುಂಬಿದ್ದ. ಅಷ್ಟು ಭಕ್ತಿ ದಾಸ್ತಾನಿರುವಾಗ ಬೆಳಿಗ್ಗೆ ಐದಕ್ಕೆ ಏಳುವ ಅವಸರವೇನು? ಮುಸುಕೆಳೆದು ಮಲಗಿದ.

ಆ ಶನಿವಾರ ಪಾಸ್ಟರ್ ಮನೆಗೆ ಬಂದರು. ಕನ್ನಡಕ ಏರಿಸಿ ಗೋಡೆ ನೋಡಿದರು.

"ಏನಪ್ಪಾ, ಬರೋ ತಿಂಗಳ ಉಪವಾಸಾನೂ ಮುಗಿಸಿಬಿಟ್ಟಿದ್ದೀಯಾ?"

"ಬಣ್ಣ ಒಣಗುತ್ತೆ ಪಾಸ್ಟರ್" ಎಂದ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು.

ಪಾಸ್ಟರ್ ಬಗ್ಗಿ ಫೆಬ್ರವರಿ ಓದಿದರು. "ಓಹೋ, ಅಣ್ಣನ್ನ ಕ್ಷಮಿಸಿಯೂ ಆಯ್ತು! ಒಳ್ಳೇದಾಯ್ತು. ಅವನಿಗೆ ನಾನೇ ಹೇಳ್ತೀನಿ."

"ಅಯ್ಯೋ, ಅದು ಇನ್ನೂ ಫೆಬ್ರವರೀಲಿ..."

"ಕೆಂಪು ತುಂಬಿದೆಯಲ್ಲಪ್ಪ?"

ತನ್ನದೇ ಕೈ, ತನ್ನದೇ ಬಣ್ಣ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಗೆರೆಯಪ್ಪ ಇಂಗು ತಿಂದ ಮಂಗನಂತೆ ನಿಂತಿದ್ದ. ಪಾಸ್ಟರ್ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಮರುದಿನ ಆರಾಧನೆ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲಿ ಅಣ್ಣ, ಕೈಯಲ್ಲಿ ಕಪ್ಪು ಬಣ್ಣದ ಡಬ್ಬಿ. ಅವನನ್ನು ಅಷ್ಟು ಹತ್ತಿರದಿಂದ ನೋಡಿ ಏಳು ವರ್ಷವಾಗಿತ್ತು. ತುಂಬ ಸೊರಗಿದ್ದ.

"ಪಾಸ್ಟರ್ ಹೇಳಿದ್ರು. ಬಾ, ಅಮ್ಮನ ಹೆಸರು ಮಾಸಿದೆ."

ದಾರಿಯುದ್ದಕ್ಕೂ ಗೆರೆಯಪ್ಪ ಮನಸ್ಸಿನಲ್ಲೇ ಭಾಷಣ ಕಟ್ಟಿದ. ದೊಡ್ಡ ಮನಸ್ಸಿನವನ ಭಾಷಣ. ಸಮಾಧಿಯ ಮುಂದೆ ಗಂಟಲು ಸರಿಮಾಡಿಕೊಂಡ.

"ನೋಡಣ್ಣ, ಆಗಿದ್ದು ಆಗಿಹೋಯ್ತು. ನಾನು ನಿನ್ನನ್ನ ಕ್ಷಮಿಸಿದ್ದೀನಿ."

ಮುಚ್ಚಳ ಬಿಚ್ಚುತ್ತಿದ್ದ ಅಣ್ಣ ತಲೆ ಎತ್ತಲಿಲ್ಲ. "ನೀನು ನನ್ನನ್ನಾ? ಅಮ್ಮನ ಮಣ್ಣಿಗೆ ಹೊತ್ತಾಗಿ ಬಂದೋನು ನೀನು. ಆವತ್ತು ಸಂಜೆಗೇ ನಾನು ನಿನ್ನ ಕ್ಷಮಿಸಿಬಿಟ್ಟಿದ್ದೆ ಕಣೋ. ಗೋಡೆ ಮೇಲೆ ಬರೀಲಿಲ್ಲ, ಅಷ್ಟೇ." ಬ್ರಷ್ ಚಾಚಿದ. "ನಿನ್ನ ಕೈಯಲ್ಲೇ ಬರೆಸು ಅಂದಿದ್ಲು. ಅದಕ್ಕೇ ಮಾಸಿದ್ರೂ ನಾನು ಮುಟ್ಟಿಲ್ಲ. ತಗೋ."

ಗೆರೆಯಪ್ಪ ಭಾಷಣ ಬಿಟ್ಟು ಬ್ರಷ್ ಹಿಡಿದ. ಸ್ಕೇಲಿಲ್ಲದೆ ಹತ್ತಡಿ ಎಳೆಯುವ ಕೈಯ ಗೆರೆ ಅಮ್ಮನ ಹೆಸರಿನ ಮೊದಲ ಅಕ್ಷರಕ್ಕೇ ಸೊಟ್ಟಗೆ ಹೋಯಿತು. ಗೆರೆಯಪ್ಪನಿಗೆ ನಾಚಿಕೆಯಿಂದ ಅಳು ಬಂತು. ಕಣ್ಣು ಒರೆಸಿಕೊಳ್ಳುವುದೋ, ಅಕ್ಷರ ಒರೆಸುವುದೋ ತಿಳಿಯದೆ ಬಟ್ಟೆ ಚೂರು ಹುಡುಕತೊಡಗಿದ.

"ಇರ್ಲಿ ಬಿಡೋ" ಎಂದ ಅಣ್ಣ. "ಓದೋಕೆ ಬರುತ್ತೆ."