ಮಂಜಿನಲ್ಲಿ ನಿಂತ ಬಿಳಿ ವಿಮಾನ

ನಮ್ಮೂರಿನ ವಿಮಾನ ನಿಲ್ದಾಣ ಅಂದರೆ ಹತ್ತಿ ಹೊಲಗಳ ನಡುವೆ ಎಳೆದ ಒಂದು ಡಾಂಬರು ಪಟ್ಟಿ, ಒಂದು ತಗಡಿನ ಶೆಡ್ಡು, ಅದರೊಳಗೆ ವರ್ಲೀನ್ ಟ್ಯಾಗರ್ಟ್. ಮೂವತ್ತೊಂದು ವರ್ಷ ಆಕೆ ಅಲ್ಲಿ ಬಂದಿಳಿದ ವಿಮಾನಗಳಿಗೆ ಎಣ್ಣೆ ತುಂಬಿದಳು, ಪೈಲಟ್‌ಗಳಿಗೆ ಕಾಫಿ ಕೊಟ್ಟಳು. ತಾನು ಮಾತ್ರ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, "ಯಾರೂ ಬಾ ಅನ್ಲಿಲ್ಲ" ಅನ್ನುತ್ತಿದ್ದಳು.

ಡಿಸೆಂಬರ್ ಬಂತೆಂದರೆ ಆಕೆಯ ಫೋನಿಗೆ ಬಿಡುವಿರುತ್ತಿರಲಿಲ್ಲ. ಫುಟ್‌ಬಾಲ್ ಋತು ಮುಗಿದು ಕೋಚ್‌ಗಳು ಕೆಲಸ ಬದಲಿಸುವ ತಿಂಗಳು ಅದು; ದೊಡ್ಡ ಕಾಲೇಜುಗಳು ಅವರನ್ನು ಕರೆದೊಯ್ಯಲು ವಿಮಾನವನ್ನೇ ಕಳಿಸುತ್ತಿದ್ದವು. ಸೋಲುವುದನ್ನೇ ರೂಢಿ ಮಾಡಿಕೊಂಡಿದ್ದ ನಮ್ಮ ಕಾಲೇಜು ತಂಡವನ್ನು ರಾಯ್ಸ್ ಡಿಲಾರ್ಡ್ ನಾಲ್ಕೇ ವರ್ಷದಲ್ಲಿ ಎತ್ತಿ ನಿಲ್ಲಿಸಿದ್ದ. ಈಗ ಯಾವುದೋ ದೊಡ್ಡ ಯೂನಿವರ್ಸಿಟಿ ಅವನನ್ನು ಕರೆಯುತ್ತಿದೆಯಂತೆ. ನನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರದ್ದೆಲ್ಲ ಒಂದೊಂದು ಸುದ್ದಿ. ಕೋಚ್ ಹೆಂಡತಿ ದಿನಸಿ ಅಂಗಡಿಯಿಂದ ಖಾಲಿ ಪೆಟ್ಟಿಗೆ ಒಯ್ದಳಂತೆ. ಭಾನುವಾರ ಚರ್ಚಿನಲ್ಲಿ ಅವರ ಬೆಂಚು ಖಾಲಿ ಇತ್ತಂತೆ.

ಟಪಾಲಿನ ಹಾಲಿಸ್ ದಿನಕ್ಕೆರಡು ಸಲ ನನ್ನ ಅಂಗಡಿಯಿಂದಲೇ ಫೋನು ಮಾಡುತ್ತಿದ್ದ. "ಮಿಸ್ ವರ್ಲೀನ್, ಇವತ್ತು ಯಾವ ವಿಮಾನ ಬಂತು?"

"ಹೊಲಕ್ಕೆ ಔಷಧಿ ಹೊಡಿಯೋದು ರಿಪೇರಿಗೆ ಬಂದಿದೆ ಕಣೋ. ಅದ್ರಲ್ಲೇ ಕೂರ್ಸಿ ಕಳಿಸ್ಲಾ ನಿಮ್ಮ ಕೋಚ್‌ನ?"

ಒಂದು ಗುರುವಾರ ಬೆಳಗಾಗುವಾಗ ನದಿಯ ಕಡೆಯಿಂದ ಮಂಜು ಎದ್ದು ಊರನ್ನೆಲ್ಲ ನುಂಗಿತ್ತು. ಹಿಂದಿನ ಸಂಜೆ ಆ ಯೂನಿವರ್ಸಿಟಿಯ ಬಿಳಿ ವಿಮಾನವೊಂದು ಇಳಿದಿದೆ ಅನ್ನುವ ಸುದ್ದಿ ಮಾತ್ರ ಮಂಜನ್ನೂ ತೂರಿ ಮನೆಮನೆಗೆ ಬಂತು. ಎಂಟು ಗಂಟೆಗೆಲ್ಲ ನಾವು ನಲವತ್ತು ಜನ ತಂತಿಬೇಲಿಗೆ ಮುಖ ಒತ್ತಿ ನಿಂತಿದ್ದೆವು. ಆಗಾಗ ವಿಮಾನದ ಬಾಲ ಕಾಣುತ್ತಿತ್ತು, ಮತ್ತೆ ಕರಗಿಹೋಗುತ್ತಿತ್ತು. ಪಕ್ಕದವರ ಮುಖವೂ ನೀರಿನಡಿ ಇದ್ದ ಹಾಗೆ. ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು.

ಒಳಗೆ ನಡೆದದ್ದನ್ನು ವರ್ಲೀನ್ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಕೋಚ್ ನಸುಕಿನಲ್ಲೇ ಬಂದು ಸ್ಪ್ರಿಂಗು ಕಿತ್ತ ಸೋಫಾದಲ್ಲಿ ಕೂತಿದ್ದನಂತೆ. ಅವನ ಕೆಂಪು ಜಾಕೆಟ್ಟನ್ನು ಊರಲ್ಲಿ ಗುರುತಿಸದವರಿಲ್ಲ.

"ಏನ್ಮಾಡ್ಬೇಕೋ ತಿಳೀತಿಲ್ಲ, ಮಿಸ್ ವರ್ಲೀನ್."

"ಮಂಜು ಹೋಗೋವರ್ಗೂ ಯಾರೂ ಏನೂ ಮಾಡೋಕಾಗಲ್ಲ. ಕಾಫಿ ಕುಡೀರಿ."

ಎರಡು ಗಂಟೆ ಕೂತರು. ಬೇಲಿಯ ಕಡೆಯಿಂದ ಸಣ್ಣ ಗುಜುಗುಜು ಕೇಳುತ್ತಿತ್ತು.

"ನನ್ನ ಬೈತಿದಾರಾ?"

ವರ್ಲೀನ್ ಬಾಗಿಲು ಸ್ವಲ್ಪ ತೆರೆದು ಕಿವಿಗೊಟ್ಟಳು. "ಇಲ್ಲಪ್ಪ. ಯಾರೋ ಪೀಕಾನ್ ಪೈ ತಂದಿದಾರೆ. ಯಾರಿಗೆ ದೊಡ್ಡ ತುಂಡು ಅಂತ ಜಗಳ."

ಅವನು ನಕ್ಕ. ಆಮೇಲೆ, ಯಾರಿಗೂ ಹೇಳದ ಒಂದು ಮಾತು ಹೇಳಿದ. ಮೂರು ರಾತ್ರಿಯಿಂದ ಒಂದೇ ಕನಸಂತೆ. ಲಕ್ಷ ಜನರ ಆಟದಂಗಳ, ಎಲ್ಲರೂ ಬಾಯಿ ತೆರೆದು ಕೂಗುತ್ತಿದ್ದಾರೆ, ಸದ್ದೇ ಇಲ್ಲ. ಅಷ್ಟು ಹೇಳಿ ಎದ್ದು, ಆಕೆಯ ಮೇಜಿನ ಫೋನಿನಿಂದಲೇ ಆ ಯೂನಿವರ್ಸಿಟಿಯವರಿಗೆ, ಬರೋದಿಲ್ಲ, ಕ್ಷಮಿಸಿ ಅಂದುಬಿಟ್ಟ.

ಬೇಲಿಯವರ ಕಣ್ಣಿಗೆ ಬೀಳಲು ಅವನಿಗೆ ಮನಸ್ಸಿರಲಿಲ್ಲ. ಜಾಕೆಟ್ಟನ್ನು ಸೋಫಾದ ಮೇಲೆ ಬಿಟ್ಟು, ಹಿಂಬಾಗಿಲಿನಿಂದ ಹೊಲಕ್ಕಿಳಿದು ಮಂಜಿನೊಳಗೆ ನಡೆದುಹೋದ.

ಬಿಳಿ ವಿಮಾನದ ಪೈಲಟ್, ಕೋರಾ ಅನ್ನುವ ಹೆಂಗಸು, ಕೈಗವಸು ಹಾಕಿಕೊಳ್ಳುತ್ತ ವರ್ಲೀನ್‌ಳನ್ನು ಕೇಳಿದಳು: "ಡೆಲ್ಟನ್‌ವರ್ಗೂ ಖಾಲಿ ಹೋಗ್ಬೇಕು. ಇಪ್ಪತ್ತು ನಿಮಿಷ. ಬರ್ತೀರಾ?"

ಡೆಲ್ಟನ್‌ನಲ್ಲಿ ವರ್ಲೀನ್‌ಳ ತಂಗಿ ಇದ್ದಳು. ವರ್ಲೀನ್ ಒಂದು ಕ್ಷಣ ಕಿಟಕಿ ನೋಡಿದಳು. ಬಾಗಿಲಿಗೆ ಬೀಗ ಹಾಕಿದಳು. ಹೊರಗೆ ವಿಪರೀತ ಚಳಿ, ಕೈಗೆ ಸಿಕ್ಕಿದ್ದು ಆ ಕೆಂಪು ಜಾಕೆಟ್ಟು.

ಮಂಜು ಆಗಷ್ಟೇ ತೆಳುವಾಗಿತ್ತು. ಕೆಂಪು ಜಾಕೆಟ್ಟೊಂದು ಮೆಟ್ಟಿಲು ಹತ್ತಿ ಒಳಗೆ ಹೋದದ್ದನ್ನು ನಾವೆಲ್ಲ ಕಂಡೆವು. "ಹೋದ" ಅಂದ ಹಾಲಿಸ್, ಟೋಪಿ ತೆಗೆದು ಎದೆಗಿಟ್ಟುಕೊಂಡ. ಯಾರೂ ಬೈಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಮಂಜಿನ ಹನಿ ಅಂತ ಒರೆಸಿಕೊಂಡೆ.

ಮೇಲೆ ಬಿಸಿಲಿತ್ತಂತೆ. ಊರು ಇರಬೇಕಾದಲ್ಲಿ ಹಿಂಜಿದ ಹತ್ತಿಯ ಹಾಗೆ ಬೆಳ್ಳನೆಯ ಬಯಲು. ಅದರೊಳಗಿಂದ ನೀರಿನ ಟ್ಯಾಂಕಿನ ತಲೆ, ಆಟದಂಗಳದ ನಾಲ್ಕು ದೀಪದ ಕಂಬ, ಅಷ್ಟೇ ಹೊರಗೆ. ವಿಮಾನದ ನೆರಳು ಮಂಜಿನ ಮೇಲೆ ಓಡುತ್ತಿತ್ತು, ನೆರಳಿನ ಸುತ್ತ ಕಾಮನಬಿಲ್ಲಿನ ಒಂದು ಪುಟ್ಟ ಬಳೆ. ಅದರ ಕೆಳಗೇ ಎಲ್ಲೋ ನಾವು ನಲವತ್ತು ಜನ ದುಃಖಪಡುತ್ತ ನಿಂತಿದ್ದೆವು, ಕೋಚ್ ಒಬ್ಬನೇ ಹೊಲ ದಾಟುತ್ತಿದ್ದ. ವರ್ಲೀನ್ ಗಾಜಿಗೆ ಅಂಗೈ ಒತ್ತಿ ಕೂತಿದ್ದಳು.

ಮಧ್ಯಾಹ್ನದ ರೇಡಿಯೋ ಕೋಚ್ ಹೋದದ್ದನ್ನು ಖಚಿತಪಡಿಸಿತು. ಮೂರು ಗಂಟೆಗೆ ಕಾಲೇಜು ಮೈದಾನದಲ್ಲಿ ಸೀಟಿ ಕೇಳಿಸಿ ನಾವು ಓಡಿದರೆ ಅಲ್ಲಿ ಅವನೇ, ಮೊಣಕಾಲವರೆಗೂ ಪ್ಯಾಂಟಿಗೆ ಅಂಟಿದ ಹುಲ್ಲುಮುಳ್ಳು ಸಮೇತ.

"ಹಂಗಾದ್ರೆ ವಿಮಾನ ಹತ್ತಿದ್ದು ಯಾರು?" ಅಂದ ಹಾಲಿಸ್. ಅದಕ್ಕೂ ಸಂಜೆಯೊಳಗೆ ಐದಾರು ಸುದ್ದಿ ಹುಟ್ಟಿದವು. ತಂಗಿಯ ಗಾಡಿಯಲ್ಲಿ ವಾಪಸು ಬಂದ ವರ್ಲೀನ್, ಕೇಳಿದವರಿಗೆಲ್ಲ "ಮಂಜಲ್ಲಿ ನಂಗೇನು ಕಾಣ್ಸುತ್ತೆ?" ಅಂದಳು. ಮಾರನೆಯ ದಿನ ಜಾಕೆಟ್ಟು ಒಗೆದು, ಮಡಚಿ, ಕೋಚ್ ಮನೆಗೆ ಮುಟ್ಟಿಸಿದಳು.

ಡಿಲಾರ್ಡ್ ಇನ್ನೂ ಮೂರು ವರ್ಷ ನಮ್ಮಲ್ಲೇ ಇದ್ದ. ಆಮೇಲೆ ಟೆಕ್ಸಸ್‌ಗೆ ಹೋದ. ತಾನೇ ಎಲ್ಲರಿಗೂ ಹೇಳಿ, ನಮ್ಮ ಜೊತೆ ಊಟ ಮಾಡಿ, ಸ್ವಂತ ಟ್ರಕ್ಕಿನಲ್ಲಿ ಹೊರಟ.

ವರ್ಲೀನ್ ಕೆಲಸ ಬಿಟ್ಟ ವಾರ ನನ್ನ ಅಂಗಡಿಗೆ ಬಂದು ಇದನ್ನೆಲ್ಲ ಹೇಳಿದಳು. ನಾನು ಕೇಳಿದ್ದು ಒಂದೇ: "ಹೆದ್ರಿಕೆ ಆಗ್ಲಿಲ್ವಾ?"

"ಹೆದ್ರೋಕೆ ಪುರುಸೊತ್ತೆಲ್ಲಿತ್ತು ಎಮೆಟ್? ನೋಡೋದೇ ಅಷ್ಟಿತ್ತು."